ಬೀಳುವ ಮೊದಲು ಕೂತವಳು

ಮೊದಲು ನೀನು ಬಲಗೈಯನ್ನು ನೆಲಕ್ಕೆ ಊರಿದೆ, ಆಮೇಲೆ ಮಂಡಿ ಮಡಿಸಿದೆ, ಕೊನೆಗೆ ಎರಡು ಮಂಡಿಗಳ ನಡುವೆ ತಲೆ ತಗ್ಗಿಸಿದೆ. ರಕ್ಷಿತಾ, ಅಂದು ಬೆಳಗಿನ ಪ್ರಾರ್ಥನೆಯಲ್ಲಿ ನೀನು ಕೂತದ್ದು ಹಾಗೆ. ಅದು ನಾಟಕವಲ್ಲವೆಂದು ಆ ಅಂಗಳದಲ್ಲಿ ಖಚಿತವಾಗಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ ನಿನ್ನನ್ನು ಸುಳ್ಳುಗಾತಿ ಮಾಡಿದೆ.

ನೀನಾಗ ಒಂಬತ್ತನೇ ತರಗತಿ. ಬಾಳೂರಿನ ಹತ್ತಿರದ ಆ ಶಾಲೆಗೆ ವಿಜ್ಞಾನ ಕಲಿಸಲು ನಾನು ಬಂದ ಮೊದಲ ವರ್ಷ; ಕೆಲಸ ಕಾಯಂ ಆಗಿರಲಿಲ್ಲ — ಈಗಲೂ ಆಗಿಲ್ಲ. ಪಿ.ಟಿ. ಮೇಷ್ಟ್ರು ನಿನ್ನ ರಟ್ಟೆ ಹಿಡಿದು ಹೆಡ್‌ಮಾಸ್ಟರ ಕೋಣೆಗೆ ಕರೆತಂದರು. "ಬೀಳೋರು ದಬಕ್ ಅಂತ ಬೀಳ್ತಾರೆ ಸಾರ್. ಇವ್ಳು ಮಹಾರಾಣಿ ಹಂಗೆ ಜಾಗ ನೋಡ್ಕಂಡು ಕೂತ್ಕತ್ತಾಳೆ." ಕಾಫಿ ಕೊಯ್ಲು ಬಿಟ್ಟು ಓಡಿಬಂದಿದ್ದ ನಿನ್ನ ಅಮ್ಮ ಬಾಗಿಲಲ್ಲೇ ನಿಂತಿದ್ದರು. ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು. "ನೀವು ಪಕ್ಕದಲ್ಲೇ ಇದ್ರಲ್ಲ ಮೇಡಂ?"

"ಬಿದ್ದದ್ದನ್ನ ನಾನು ನೋಡಿಲ್ಲ ಸರ್. ಕೂತ್ಕೊಂಡ್ಲು."

ಒಂದಕ್ಷರವೂ ಸುಳ್ಳಲ್ಲ — ಅದೇ ಅದರ ನೀಚತನ.

ಬೀಳುವ ಮೊದಲು ಕೂರುವುದನ್ನು ನಾನು ವರ್ಷಗಳಿಂದ ರೂಢಿಸಿಕೊಂಡಿದ್ದೆ. ಎಂ.ಎಸ್ಸಿ. ಓದುವಾಗ ಮಂಗಳೂರಿನ ವೈದ್ಯರೊಬ್ಬರು ನನ್ನನ್ನು ಮಲಗಿಸಿ ನಾಡಿ ನೋಡಿ, ಎಬ್ಬಿಸಿ ನಿಲ್ಲಿಸಿ ಮತ್ತೆ ಮತ್ತೆ ನೋಡಿ, ಕಾಯಿಲೆಯ ಹೆಸರು ಹೇಳಿದ್ದರು — ಪಾಟ್ಸ್. ನಿಂತರೆ ರಕ್ತ ಕಾಲಿಗಿಳಿದು ಅಲ್ಲೇ ತಂಗುತ್ತದೆ. ಅದನ್ನು ಮೇಲಕ್ಕೆ ಕಳಿಸಲು ಗುಂಡಿಗೆ, ಗುಡ್ಡ ಹತ್ತಿ ಓಡಿದವರ ಎದೆಯಂತೆ ಬಡಿದುಕೊಳ್ಳುತ್ತದೆ. ಕಿವಿಯಲ್ಲಿ ಮೊರೆತ, ಕಣ್ಣಂಚಿನಿಂದ ಕತ್ತಲೆ. ಮಲಗಿದರೆ ಎಲ್ಲವೂ ಇಳಿಯುತ್ತದೆ — ಆದ್ದರಿಂದಲೇ ಯಾರೂ ನಂಬುವುದಿಲ್ಲ. ಅದನ್ನು ತಡೆಯಲು ಸೀರೆಯ ಕೆಳಗೆ ಬಿಗಿ ಕಾಲುಚೀಲ, ಬಾಟಲಿಯಲ್ಲಿ ಉಪ್ಪು ಬೆರೆಸಿದ ನೀರು. ಎಲ್ಲವನ್ನೂ ಬಚ್ಚಿಟ್ಟು, ಗಟ್ಟಿಮುಟ್ಟಾದವಳೆಂದು ಕೆಲಸಕ್ಕೆ ಸೇರಿದ್ದೆ. ನಿನ್ನದೂ ಪಾಟ್ಸ್ ಹೌದೋ ಅಲ್ಲವೋ ವೈದ್ಯರೇ ಹೇಳಬೇಕಿತ್ತು. ಆದರೆ ವೈದ್ಯರ ಹತ್ತಿರ ಕರೆದೊಯ್ಯಿರಿ ಎಂದು ನಾನು ಹೇಳಬಹುದಿತ್ತು. "ನಿಮಗೆ ಹೇಗೆ ಗೊತ್ತು?" ಎಂಬ ಮರುಪ್ರಶ್ನೆಗೆ ಹೆದರಿದೆ. ಇದು ಕಾರಣ, ಸಮರ್ಥನೆಯಲ್ಲ.

ನಿನ್ನ ಅಮ್ಮ ಅಲ್ಲೇ ನಿನ್ನ ಕೆನ್ನೆಗೆ ಹೊಡೆದರು. "ಮಿಸ್ಸೇ ಹೇಳ್ತಿದಾರಲ್ಲೇ, ಇನ್ನೆಂತ ಬೇಕು ನಿಂಗೆ?"

ಆಮೇಲೆ ನೀನು ಕೂರಲಿಲ್ಲ. ಕಣ್ಣು ಕತ್ತಲಾದಾಗಲೂ ನಿಂತೇ ಇದ್ದೆ — ಒಂದು ಬೆಳಿಗ್ಗೆ ಮೆಟ್ಟಿಲಿನ ಕಲ್ಲಿಗೆ ಮುಖ ಅಪ್ಪಳಿಸುವವರೆಗೆ. ಗದ್ದ ಸೀಳಿತು, ಮುಂದಿನ ಹಲ್ಲೊಂದು ಮುರಿಯಿತು. ಅಂದು ಎಲ್ಲರೂ ನಂಬಿದರು. ಆಸ್ಪತ್ರೆಯಲ್ಲಿ ರಕ್ತ ಕಡಿಮೆ ಎಂದು ಮಾತ್ರೆ ಕೊಟ್ಟು ಸುಮ್ಮನಾದರು. ನಾನೂ — ನಿನ್ನ ರಕ್ತವನ್ನು ಕಣ್ಣಾರೆ ಕಂಡ ಮೇಲೂ —

ನೀನು ಶಾಲೆ ಬಿಟ್ಟು ವರ್ಷಗಳಾದ ಮೇಲೆ, ಮೊನ್ನೆ ಕಳಸದ ಬಸ್ಸಿನಲ್ಲಿ ಸೀಟಿಲ್ಲದೆ ನೀನು ನೆಲದ ಮೇಲೆ ಕೂತಿದ್ದೆ. "ಏ ಮಾರಾಯ್ತಿ, ವಯಸ್ಸಿನ್ ಹುಡ್ಗಿ, ನಿಂತ್ಕಳಕ್ಕೆ ಎಂತ ಧಾಡಿ?" ಎಂದ ಕಂಡಕ್ಟರು. "ಬಿದ್ರೆ ನೀವೇ ಎತ್ಬೇಕಾಗ್ತದೆ ಅಣ್ಣ, ನೋಡ್ಕಳಿ," ಎಂದೆ ನೀನು. ಸುತ್ತಲಿದ್ದವರು ನಕ್ಕರು. ನನ್ನ ಪಕ್ಕದವರು ಇಳಿದಾಗ ನಿನ್ನನ್ನು ಕರೆದು ಕೂರಿಸಿಕೊಂಡೆ. ಕಾಯಿಲೆಯ ಹೆಸರು, ವೈದ್ಯರ ಹೆಸರು, ಅಂದು ನಾನು ಆಡಿದ ಮಾತು — ಎಲ್ಲವನ್ನೂ ಹೇಳಿದೆ. ನೀನು ಕಿಟಕಿಯತ್ತ ನೋಡುತ್ತಲೇ ಇದ್ದೆ.

"ನಂಗೆ ಆಗ್ಲೇ ಗೊತ್ತಿತ್ತು ಮಿಸ್. ನೀವು ಪ್ರಾರ್ಥನೇಲಿ ಕಂಬಕ್ಕೆ ಒರಗಿ, ಕಾಲಿಗೆ ಕಾಲು ಹೆಣ್ಕಂಡು ನಿಲ್ತಿದ್ರಿ. ನಾನೂ ಹಂಗೇ ಮಾಡಿ ನೋಡ್ದೆ, ಒಂಚೂರು ಕಮ್ಮಿ ಆಗೋದು. ಹೆಡ್‌ಮಾಸ್ಟ್ರು ನಿಮ್ಮನ್ನ ಕೇಳ್ದಾಗ ಖುಷಿಯಾಗಿತ್ತು ನಂಗೆ. ಸದ್ಯ, ಮಿಸ್ ಹೇಳ್ತಾರೆ ಅಂತ."

ಕ್ಷಮೆಯ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ. ಕೇಳಿದ್ದರೆ ನೀನು ಏನನ್ನಾದರೂ ಕೊಡಲೇಬೇಕಾಗುತ್ತಿತ್ತು. ನಿನ್ನಿಂದ ನಾನು ಕಿತ್ತುಕೊಂಡದ್ದೇ ಸಾಕಷ್ಟಿದೆ.

ಮರುದಿನ ಬೆಳಿಗ್ಗೆ ಶಿಕ್ಷಕರ ಕೋಣೆಯಿಂದ ಕುರ್ಚಿಯೊಂದನ್ನು ಪ್ರಾರ್ಥನೆಯ ಅಂಗಳಕ್ಕೆ ಎತ್ತಿಕೊಂಡು ಹೋಗಿ, ಮೇಷ್ಟ್ರುಗಳ ಸಾಲಿನ ಮುಂದೆ ಹಾಕಿಕೊಂಡು ಕೂತೆ. ಕಾಲುಚೀಲ ಕಾಣುತ್ತಿತ್ತು, ಸೀರೆ ಎಳೆದುಕೊಳ್ಳಲಿಲ್ಲ.

"ಹುಷಾರಿಲ್ವಾ ಮೇಡಂ? ರಜ ಹಾಕ್ಬಹುದಿತ್ತಲ್ಲ," ಎಂದರು ಹೆಡ್‌ಮಾಸ್ಟರು, ದನಿ ತಗ್ಗಿಸಿ.

ನಾನು ತಗ್ಗಿಸಲಿಲ್ಲ. "ರಜ ಬೇಡ ಸರ್. ನಿಂತ್ರೆ ಬೀಳೋ ಕಾಯಿಲೆ ನಂಗೆ, ಇಲ್ಲಿಗೆ ಸೇರೋ ಮುಂಚಿನಿಂದ್ಲೂ ಇದೆ. ರಕ್ಷಿತಾ ಅವತ್ತು ನಾಟಕ ಮಾಡಿರ್ಲಿಲ್ಲ. ಅದು ನಂಗೆ ಗೊತ್ತಿತ್ತು, ನಿಮ್ಮೆದುರು ಮುಚ್ಚಿಟ್ಟೆ."

ಪಿ.ಟಿ. ಮೇಷ್ಟ್ರು ವಿಸಲ್ ಬಾಯಲ್ಲಿಟ್ಟುಕೊಂಡೇ ನಿಂತಿದ್ದರು. ನಾನು ಮಕ್ಕಳ ಕಡೆ ತಿರುಗಿ, ಕಣ್ಣು ಕತ್ತಲಾದವರು ಕೂರಬಹುದು, ಯಾರನ್ನೂ ಕೇಳಬೇಕಾಗಿಲ್ಲ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬರೂ ಕೂರಲಿಲ್ಲ. ಪ್ರಾರ್ಥನೆ ಶುರುವಾಯಿತು; ಎಲ್ಲರ ಕಣ್ಣೂ ನನ್ನ ಮೇಲಿತ್ತು.

ನಾನು ಏಳಲಿಲ್ಲ.