ಆಕಳಿಕೆ ಸಾಹೇಬರ ಲಿಫ್ಟ್ ಕೇಸು

ನಮ್ಮ ಭಾವನಿಗೆ ಇಲಾಖೆಯವರೆಲ್ಲ ಸೇರಿ ಇಟ್ಟ ಹೆಸರು ಆಕಳಿಕೆ ಸಾಹೇಬರು. ಯಂತ್ರಾಪರಾಧ ವಿಭಾಗದ ಪತ್ತೇದಾರ ಎಂದು ಕೇಳಿದವರು ಹುಬ್ಬೇರಿಸುತ್ತಾರೆ, ಕಣ್ಣಾರೆ ನೋಡಿದ ಮೇಲೆ ಇಳಿಸುತ್ತಾರೆ. ಮುಂದೆ ಹೊಟ್ಟೆ, ಕೆಳಗೆ ಸವೆದ ಮೊಣಕಾಲು, ಶರ್ಟಿನ ಮೇಲೆ ಬೆಳಗಿನ ಚಹಾದ ಕಲೆ. ಸಾಕ್ಷಿ ಬಾಯಿ ತೆರೆಯುವ ಮೊದಲೇ ಇವರ ಬಾಯಿ ತೆರೆದಿರುತ್ತದೆ. ಅಕ್ಕನ ಮಾತು ಮೀರಲಾಗದೆ ಇವರ ಸಹಾಯಕನಾಗಿ ಸೇರಿದವನು ನಾನು. ಈಗ ನನ್ನ ತಲೆಯೂ ಅರ್ಧ ನೆರೆತಿದೆ.

ಮನೆಯ ಫ್ರಿಜ್ಜಿನಿಂದ ಬೀದಿದೀಪದವರೆಗೆ ಎಲ್ಲದಕ್ಕೂ ಬುದ್ಧಿ ಬಂದು, ಬಾಯಿಯೂ ಬಂದ ಮೇಲೆ ಹುಟ್ಟಿದ ವಿಭಾಗ ನಮ್ಮದು. ಬುದ್ಧಿ ಬಂದಲ್ಲಿ ತಂಟೆ ಬರದೆ ಇರುತ್ತದೆಯೇ? ತೂಕ ಇಳಿಸುವ ಹಟ ಹಿಡಿದಿದ್ದ ನ್ಯಾಯಾಧೀಶರೊಬ್ಬರು, ರಾತ್ರಿ ತೆಗೆಯಬೇಡವೆಂದು ತಾವೇ ಆಜ್ಞೆ ಕೊಟ್ಟಿದ್ದನ್ನು ಮರೆತು, ಬಾಗಿಲು ತೆಗೆಯದ ಫ್ರಿಜ್ಜಿನ ಮೇಲೆ ಸುತ್ತಿಗೆ ಎತ್ತಿದ್ದರು. ಯಾರು ಯಾರ ಮೇಲೆ ದೂರು ಕೊಡಬೇಕೆಂದು ತೀರ್ಮಾನಿಸುವಷ್ಟರಲ್ಲಿ ನಮಗೆ ಸಾಕುಬೇಕಾಯಿತು.

ಯಂತ್ರಗಳು ಸುಳ್ಳು ಹೇಳುವುದಿಲ್ಲ. ಆದರೆ ಕೇಳಿದ್ದಕ್ಕಷ್ಟೇ ಉತ್ತರ, ಅದರ ಮೇಲೆ ಒಂದಕ್ಷರ ಹೆಚ್ಚಿಲ್ಲ. ಹಾಗಾಗಿ ನಮ್ಮ ಕೆಲಸ ಸುಳ್ಳು ಹಿಡಿಯುವುದಲ್ಲ, ಸರಿಯಾದ ಪ್ರಶ್ನೆ ಹುಡುಕುವುದು. ಅದಕ್ಕೆ ತಾಳ್ಮೆ ಬೇಕು. ಭಾವನಿಗೆ ಇರುವುದು ನಿದ್ದೆ. ಸ್ಥಳಕ್ಕೆ ಹೋಗುವ ಮೊದಲೇ ವರದಿ ಬರೆದು ಜೇಬಿನಲ್ಲಿಟ್ಟುಕೊಳ್ಳುವುದು ಅವರ ಪದ್ಧತಿ. ಹೋಗಿ ಬರುವುದು ಬರೀ ಶಾಸ್ತ್ರಕ್ಕೆ.

ಆ ಲಿಫ್ಟ್ ಕೇಸಿಗೂ ಹಾಗೇ ಹೊರಟಿದ್ದೆವು. ಎತ್ತರದ ಹಳೆಯ ಕಟ್ಟಡವೊಂದರ ಲಿಫ್ಟು ಒಂದು ಮಧ್ಯಾಹ್ನ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಸಂಜೆ ಬಾಗಿಲು ತೆಗೆಸಿದಾಗ ಒಳಗೆ ಒಬ್ಬ ಮುದುಕ ಸ್ಟೂಲಿನ ಮೇಲೆ, ಗೋಡೆಗೆ ತಲೆ ಆನಿಸಿ, ಸತ್ತು ಕೂತಿದ್ದ. ಹೃದಯ ನಿಂತಿದೆ ಎಂದರು ಡಾಕ್ಟರು. ರಿಪೇರಿ ಸರಿಯಿರಲಿಲ್ಲ ಎಂದಿತು ಲಿಫ್ಟ್ ಕಂಪನಿ. ರಿಪೇರಿ ಮಾಡಿದ್ದು ಒಬ್ಬ ಹೆಂಗಸು, ಕಟ್ಟಡದವರ ಬಾಯಲ್ಲಿ ಗ್ರೀಸಕ್ಕ. ಅವಳ ತಪ್ಪೆಂದು ಭಾವ ಸಹಿ ಹಾಕಿದರೆ ಅವಳಿಗೆ ಜೈಲು ಖಾಯಂ. ಅದೇ ವರದಿ ಆಗಲೇ ಅವರ ಜೇಬಿನಲ್ಲಿ ಬೆಚ್ಚಗೆ ಮಲಗಿತ್ತು.

ಲಿಫ್ಟು ಕೆಳಗೆ, ಮೊಹರು ಹಾಕಿಸಿಕೊಂಡು, ಆರೋಪಿಯ ಹಾಗೆ ನಿಂತಿತ್ತು. ಕಂಪನಿಯ ಎಂಜಿನಿಯರ್ ಟೈ ಸಡಿಲಿಸಿಕೊಂಡು ಪಕ್ಕದಲ್ಲಿದ್ದ.

"ಬ್ರೇಕ್ ಕೆಟ್ಟಿತ್ತಾ?" ಎಂದು ಭಾವ ಲಿಫ್ಟನ್ನು ಕೇಳಿದರು.

"ಇಲ್ಲ," ಎಂದಿತು ಲಿಫ್ಟು. ಬ್ಯಾಂಕಿನ ಕೌಂಟರಿನ ಹಿಂದಿನ ಹೆಂಗಸಿನ ದನಿ.

"ಮತ್ತೆ ಯಾಕೆ ನಿಂತೆ?"

"ಅದು ಹತ್ತಿದವರ ಒಳಮಾತಿಗೆ ಸೇರಿದ್ದು. ಹೇಳುವ ಹಾಗಿಲ್ಲ."

ಕಾನೂನೇ ಹಾಗಿದೆ. ಲಿಫ್ಟಿನೊಳಗೆ ಆಡಿದ ಮಾತು ಹತ್ತಿದವರ ಸ್ವತ್ತು. ಅವರು ಸತ್ತರೆ ಮಕ್ಕಳು ಬಂದು ಬಾಯಾರೆ ಕೇಳಬೇಕು, ಪತ್ತೇದಾರನಿಗೂ ಅಧಿಕಾರವಿಲ್ಲ. ಇನ್ನೊಂದು ನಿಯಮವೂ ಇದೆ: ಹೊರಗಿನವರು ಏನೇ ಆಜ್ಞೆ ಕೊಟ್ಟಿರಲಿ, ಒಳಗೆ ಕೂತವರ ಮಾತೇ ಕೊನೆಯದು.

"ಮಗಳನ್ನ ಕರೆಸಿದ್ರಾ?" ಎಂದು ನಾನು ಎಂಜಿನಿಯರನ್ನು ಕೇಳಿದೆ.

"ಒಬ್ಬಳೇ ಮಗಳು ಸಾರ್. ಕೇಳಲ್ಲ ಅಂತಾರೆ. ದುಃಖದಲ್ಲಿದ್ದಾರೆ, ಬಿಡಿ. ನೀವು ಸಹಿ ಹಾಕಿಬಿಟ್ರೆ ಎಲ್ಲರಿಗೂ ಒಳ್ಳೇದು."

ಭಾವ ಪೆನ್ನು ತೆಗೆದೂ ಆಗಿತ್ತು. ಆದರೆ ಸತ್ತವರ ಮನೆಗೆ ಹೋಗಿ ಬಂದೆವೆಂದು ವರದಿಯಲ್ಲಿ ಬರೆದಿದ್ದರಲ್ಲ, ಮೇಲಧಿಕಾರಿ ಈಚೆಗೆ ಅಂಥದ್ದನ್ನೆಲ್ಲ ಕೆದಕುತ್ತಿದ್ದ. ಮನೆ ಇದ್ದದ್ದು ಹದಿನಾಲ್ಕನೇ ಮಹಡಿಯಲ್ಲಿ. ಇದ್ದ ಒಂದೇ ಲಿಫ್ಟಿಗೆ ಮೊಹರು. ಮೆಟ್ಟಿಲು ನೋಡಿ ಭಾವ ನನ್ನ ಕಡೆ ತಿರುಗಿದ ನೋಟ, ಇದನ್ನೆಲ್ಲ ಕಟ್ಟಿಸಿದವನು ನಾನೇ ಎಂಬಂತಿತ್ತು.

ಅರ್ಧ ದಾರಿಯಲ್ಲಿ ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. ಅಲ್ಲೇ ಕೆಳಗಿನ ಮೆಟ್ಟಿಲಲ್ಲಿ ಗ್ರೀಸಕ್ಕನೂ ಕೂತಿದ್ದಳು. ಕೆಲಸದಿಂದ ತೆಗೆದಿದ್ದರೂ ಬಂದಿದ್ದಳು, ಮನೆಯಲ್ಲಿ ಕೂತು ಏನು ಮಾಡುವುದು ಎಂದು. ಕುಡಿಯಲು ತನ್ನ ಬಾಟಲಿಯ ನೀರು ಕೊಟ್ಟಳು.

"ಏನಮ್ಮ, ನಿನ್ನ ಪರವಾಗಿ ಏನಾದ್ರೂ ಹೇಳ್ಕೊಳ್ಳೋದಿದ್ಯಾ?" ಎಂದರು ಭಾವ ಏದುಸಿರಿನಲ್ಲಿ.

"ಹೇಳಿ ಹೇಳಿ ನಾಲಿಗೆ ಒಣಗಿದೆ ಸಾರ್. ನೀವು ಬರ್ದೂ ಆಗಿರುತ್ತೆ. ನನ್ನ ಮಗಳಿಗೆ ಪರೀಕ್ಷೆ ಇದೆ, ಮುಗಿಯೋವರೆಗೂ ಹಿಡ್ಕೊಂಡು ಹೋಗ್ಬೇಡಿ. ಅಷ್ಟೇ."

ಭಾವ ಬಾಟಲಿ ಹಿಂತಿರುಗಿಸಿ ಎದ್ದರು. ನಾಚಿಕೆ ಎಂಬುದು ಅವರಿಗೆ ಅಪರೂಪಕ್ಕೆ ಬರುವ ನೆಂಟ, ಬಂದದ್ದು ನನಗೆ ಗೊತ್ತಾಯಿತು.

ಬಾಗಿಲು ತೆಗೆದ ಮುದುಕನ ಮಗಳಿಗೆ ನಲವತ್ತೈದರ ಆಸುಪಾಸು. ಕಣ್ಣಿನ ಕೆಳಗೆ ಕಪ್ಪು, ತಲೆಗೂದಲು ಹೇಗೋ ಕಟ್ಟಿದ ಗಂಟು. ಎರಡೇ ಕೋಣೆ. ಒಂದರ ಬಾಗಿಲಿಗೆ ಹೊರಗಡೆಯಿಂದ ಹಾಕುವ ಚಿಲಕ, ಒಲೆಯ ಗುಂಡಿಗಳಿಗೆ ಟೇಪು. ಬೀಗದ ಕೈ ಅವಳ ಕೊರಳಲ್ಲೇ ತೂಗುತ್ತಿತ್ತು. ಅಪ್ಪ ಮೊದಲು ಬಸ್ ಡ್ರೈವರ್ ಆಗಿದ್ದವರು, ಈಚೆಗೆ ಮರೆವು ಹತ್ತಿತ್ತು, ಹಗಲು ರಾತ್ರಿಯೆನ್ನದೆ ಮನೆಯಿಂದ ಹೊರಟುಬಿಡುತ್ತಿದ್ದರು ಎಂದಳು. ಚಹಾ ಇಡುತ್ತೇನೆಂದು ಒಳಗೆ ಹೋದಳು. ಭಾವ ಸೋಫಾದ ಮೇಲೆ ಕೂತರು, ಮೂರನೇ ಉಸಿರಿಗೆ ನಿದ್ದೆ.

ನನಗೆ ಮೈಯೆಲ್ಲ ಉರಿಯಿತು. ಸಾವಿನ ಮನೆಯಲ್ಲಿ ಗೊರಕೆ! ಭುಜ ಅಲುಗಿಸಿ ಎಬ್ಬಿಸಿದೆ. ಎದ್ದವರು ನನ್ನನ್ನಲ್ಲ, ಅಡುಗೆಮನೆಯ ಕಡೆ ನೋಡಿದರು. ಅವಳು ಅಲ್ಲಿ ಕಟ್ಟೆಗೆ ಒರಗಿ, ಕೈಯಲ್ಲಿ ಚಮಚ ಹಿಡಿದೇ ನಿದ್ದೆ ಹೋಗಿದ್ದಳು. ಚಹಾ ಉಕ್ಕಿ ಸುರಿಯುತ್ತಿತ್ತು. ಅವಳು ಬೆಚ್ಚಿ ಎದ್ದು, ಒಲೆ ಆರಿಸುವುದನ್ನೂ ಬಿಟ್ಟು, ಮೊದಲು ಹೊರಬಾಗಿಲಿಗೆ ಓಡಿ ಅಗುಳಿ ಹಾಕಿದೆಯೇ ಎಂದು ಮುಟ್ಟಿ ನೋಡಿದಳು. ಆಮೇಲೆ, ಕಾಯುವುದಕ್ಕೆ ಇನ್ನು ಯಾರೂ ಇಲ್ಲವೆಂದು ನೆನಪಾಗಿ, ಅಲ್ಲೇ ನಿಂತಳು.

ಭಾವನ ಬುದ್ಧಿ ಓಡುವುದು ನಿದ್ದೆಯ ವಿಷಯದಲ್ಲಿ ಮಾತ್ರ. ಅಲ್ಲಿ ಅವರನ್ನು ಮೀರಿಸುವವರಿಲ್ಲ.

"ಅವತ್ತು ಮಧ್ಯಾಹ್ನ ನೀವು ಮಲಗಿದ್ರಿ, ಅಲ್ವಾ ತಾಯಿ?" ಎಂದರು.

ಅವಳು ಗೋಡೆ ಹಿಡಿದು ಕೆಳಗೆ ಕೂತಳು. ಅಪ್ಪನಿಗೆ ಲಿಫ್ಟೆಂದರೆ ಬಸ್ಸು. ಸ್ಟೂಲ್ ಹಾಕಿ ಕೂರಿಸಿದರೆ ಮೇಲೆ ಕೆಳಗೆ ಓಡಾಡುತ್ತಾ, ಹಳೆಯ ಸ್ಟಾಪುಗಳ ಹೆಸರು ಕೂಗುತ್ತಾ ಖುಷಿಯಾಗಿರುತ್ತಿದ್ದರು.

"ನಾನೇ ಲಿಫ್ಟಿಗೆ ಹೇಳ್ತಿದ್ದೆ ಸಾರ್. ಸ್ವಲ್ಪ ಹೊತ್ತು ಅಪ್ಪನ್ನ ಸುತ್ತಾಡಿಸ್ತಿರು, ನಾನು ಕರೆಯೋವರೆಗೂ ಬಾಗಿಲು ತೆಗೀಬೇಡ ಅಂತ. ಕಣ್ಣು ಮುಚ್ಚಿದ್ರೆ ಸಾಕಾಗಿತ್ತು ನನಗೆ. ಅವತ್ತು ಎಚ್ಚರ ಆದಾಗ ಕಿಟಕೀಲಿ ಬಿಸಿಲೇ ಇರ್ಲಿಲ್ಲ."

ನಾನು ತಲೆ ತಗ್ಗಿಸಿದೆ. ಬೀಗ ಹಾಕಿ ಕೂಡಿಟ್ಟ ಮುದುಕ ಸತ್ತರೆ ಕೂಡಿಟ್ಟವರಿಗೆ ಶಿಕ್ಷೆ, ಅದೂ ಕಾನೂನೇ. ಗ್ರೀಸಕ್ಕನೋ, ಇವಳೋ. ಇಬ್ಬರಲ್ಲಿ ಒಬ್ಬಳು.

ಭಾವ ಕೂಡಲೇ ತಮ್ಮ ದಾರಿಗೆ ಬಂದರು. "ನೀವು ಹೇಳಿದ್ದು ನಾನು ಕೇಳಿಸ್ಕೊಂಡಿಲ್ಲ. ಇವನಿಗಂತೂ ಕಿವಿನೇ ಇಲ್ಲ. ಸುಮ್ನಿದ್ದುಬಿಡಿ. ವರದಿ ರೆಡಿ ಇದೆ."

"ಭಾವ!" ಎಂದೆ. "ಕೆಳಗೆ ಒಬ್ಬಳು ಕೂತಿದ್ದಾಳೆ. ಈಗಷ್ಟೇ ಅವಳ ನೀರು ಕುಡಿದು ಬಂದ್ರಿ."

"ಗೊತ್ತಯ್ಯ. ನನಗೇನು ಖುಷೀನಾ? ಇಬ್ಬರನ್ನೂ ಉಳಿಸೋಕೆ ನಾನೇನು ದೇವರಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರು ಕೂತಿರೋದು? ರಿಪೇರಿಯವರಾ? ಅವರಿಗೆ ಜೈಲಾಗುತ್ತೆ ಅಂತ ನನಗೆ ಯಾರೂ ಹೇಳ್ಲಿಲ್ಲ. ಕಂಪನಿ ದುಡ್ಡು ಕಟ್ಟುತ್ತೆ, ಅಷ್ಟೇ ಅಂದ್ರು." ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಟಳು. "ನಾನೇ ಕೇಳ್ತೀನಿ ನಡೀರಿ."

ಮೂವರೂ ಮೆಟ್ಟಿಲಿಳಿದೆವು. ಗ್ರೀಸಕ್ಕ ನಮ್ಮ ಹಿಂದೆಯೇ ಇಳಿದು ಬಂದಳು.

ಮಗಳು ಲಿಫ್ಟಿನೆದುರು ನಿಂತು, ತಾನು ಯಾರೆಂದು ಹೇಳಿ, "ಯಾರು ಬಾಗಿಲು ತೆಗೀಬೇಡ ಅಂದಿದ್ದು?" ಎಂದು ಕೇಳಿದಳು.

"ನೀವು."

ಎಂಜಿನಿಯರ್ ಟೈ ಬಿಗಿ ಮಾಡಿಕೊಂಡ. ಅವನ ಕೆಲಸ ಮುಗಿದಿತ್ತು. ಗ್ರೀಸಕ್ಕ ಮಾತ್ರ ಬಿಡುಗಡೆಯಾದವಳ ಹಾಗೆ ಕಾಣಲಿಲ್ಲ, ಮಗಳ ಬೆನ್ನನ್ನೇ ನೋಡುತ್ತಿದ್ದಳು. ಮುಗಿಯಿತೆಂದು ನಾನೂ ತಿರುಗಿದೆ. ಭಾವ ಅಲುಗಲಿಲ್ಲ.

"ಎರಡು ಮಹಡಿ ಮಧ್ಯೆ ನಿಂತ್ಕೋ ಅಂತ ನೀವು ಹೇಳಿರ್ಲಿಲ್ಲ, ಸುತ್ತಾಡ್ಸು ಅಂದಿದ್ರಿ," ಎಂದರು ನಿಧಾನವಾಗಿ. "ನಿಂತಿದ್ದು ಯಾಕೆ ಅಂತ ಕೇಳಿ ತಾಯಿ."

ಅವಳು ಕೇಳಿದಳು.

"ಅವರು ಮಾತು ನಿಲ್ಲಿಸಿದರು. ನಿದ್ದೆ ಬಂದಿದೆ ಎಂದುಕೊಂಡೆ. ಅಲುಗಾಡಿದರೆ ಎಚ್ಚರವಾಗುತ್ತದೆಂದು ನಿಂತೆ."

ಅವಳು ಲಿಫ್ಟಿಗೆ ಇನ್ನೂ ಹತ್ತಿರ ಹೋದಳು. ಮುಂದಿನ ಪ್ರಶ್ನೆ ಯಾವುದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದನ್ನು ಕೇಳದೆ ಹೋಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಅದಕ್ಕೆ ಮುಂಚೆ... ನನ್ನನ್ನ ಕರೆದ್ರಾ?"

"ಕರೆದರು. ಒಂದು ಸಲ. ಎದೆ ಹಿಡಿದುಕೊಂಡಿದೆ ಎಂದರು. ಮಗಳನ್ನು ಎಬ್ಬಿಸಲೇ, ಬಾಗಿಲು ತೆಗೆಯಲೇ ಎಂದು ಕೇಳಿದೆ. 'ಬೇಡ, ಪಾಪ, ಮಲಗಿರಲಿ. ಇನ್ನೊಂದು ಟ್ರಿಪ್ ಹೊಡೆಯೋಣ' ಎಂದರು."

ಒಳಗೆ ಕೂತವರ ಮಾತೇ ಕೊನೆಯದು. ಬಾಗಿಲು ಬೇಡವೆಂದದ್ದು ಅವರೇ, ಹಾಗಾಗಿ ಮಗಳ ಮೇಲೂ ಕೇಸಿಲ್ಲ, ಗ್ರೀಸಕ್ಕನ ಮೇಲೂ ಇಲ್ಲ. ಭಾವ ಜೇಬಿನಿಂದ ವರದಿ ತೆಗೆದು ಹರಿದು ಎಂಜಿನಿಯರನ ಕೈಗೆ ಕೊಟ್ಟರು. ಗ್ರೀಸಕ್ಕ ಗೋಡೆಗೆ ಮುಖ ಮಾಡಿ ಅತ್ತಳು.

ಮಗಳಿಗೆ ಇದಾವುದೂ ಬೇಕಿರಲಿಲ್ಲ. "ಮಲಗಿರಲಿ ಅಂದ್ರಾ?" ಎಂದು ಮತ್ತೆ ಕೇಳಿದಳು.

"ಹೌದು. ಮಲಗಿರಲಿ ಎಂದರು."

"ಮಲಗಿರಲಿ ಅಂತಲೇ ಅಂದ್ರಾ?"

"ಹೌದು. ಮಲಗಿರಲಿ ಎಂದರು."

ಕೇಸು ಮುಗಿಯಿತೆಂದು ಎಂಜಿನಿಯರ್ ಮೊಹರು ಒಡೆದು ಲಿಫ್ಟು ಓಡಿಸಲು ಮುಂದೆ ಬಂದ. ಯಾವ ಕೇಸಿನಲ್ಲೂ ಹೊರಡುವ ಆತುರದಲ್ಲೇ ಇರುವ ನಮ್ಮ ಭಾವ ಅವನಿಗೆ ಅಡ್ಡ ನಿಂತು, ಬಾಗಿಲಿಗೆ ಕೈ ಕೊಟ್ಟು ಹಿಡಿದುಕೊಂಡರು. ಅವಳು ಕೇಳುತ್ತಲೇ ಇದ್ದಳು, ಲಿಫ್ಟು ಹೇಳುತ್ತಲೇ ಇತ್ತು.