ನಾಯಿಗೂ ‘ಉಂಡ್ರಾ’ ಎಂದು ಕೇಳುವ ಪಂಪಮ್ಮ

ಬೆಳ್ಳಿ ಮೂಡಿ ಆಗಲೇ ಹೊತ್ತಾಗಿದೆ. ಪರಿಗಿಯಿಂದ ಒಂದು ಮೈಲಿ ಆಚೆಯ ಹೊಲಮನೆಯ ಹಿತ್ತಲಲ್ಲಿ ಪಂಪಮ್ಮ ಸೊಂಟಕ್ಕೆ ಒಂದು ಕೈಯಿಟ್ಟು ನಿಧಾನವಾಗಿ ಬಗ್ಗುತ್ತಾರೆ. ಇನ್ನೊಂದು ಕೈಯಲ್ಲಿ ಅಂಬಲಿಯ ಮಡಕೆ. ಕಲ್ಲಿನ ಬಾನಿಗೆ ಅಂಬಲಿ ಸುರಿದು, ಮನೆಗೆ ಬಂದ ನೆಂಟರನ್ನು ವಿಚಾರಿಸುವ ಹಾಗೆ ಕೂಗುತ್ತಾರೆ: “ಉಂಡ್ರಾ? ಎಲ್ಲಾರೂ ಉಂಡ್ರಾ?”

ಹುಲ್ಲಿನ ಬಣವೆಯ ಸಂದಿಯಿಂದ ಆರು ಮರಿಗಳು ಬಿದ್ದೆನೋ ಎದ್ದೆನೋ ಎಂದು ಓಡಿ ಬರುತ್ತವೆ. ಅವುಗಳ ತಾಯಿ ಕೆಂಚಿ ಮಲಗಿದ್ದಲ್ಲಿಂದ ಏಳುವುದಿಲ್ಲ. ಹೆತ್ತು ಹೆತ್ತು ಅದೂ ದಣಿದಿದೆ, ಬಗ್ಗಿ ಬಗ್ಗಿ ಇವರೂ ದಣಿದಿದ್ದಾರೆ. ಹುಣಸೆಮರದ ಬುಡದಲ್ಲಿ ಕಟ್ಟಿಹಾಕಿದ ದೊಡ್ಡ ಬೂದುಬಣ್ಣದ ನಾಯಿಯೊಂದು ಹಗ್ಗ ಜಗ್ಗುತ್ತಿದೆ. ಪಂಪಮ್ಮ ಅದರ ಕಡೆ ನೋಡುವುದಿಲ್ಲ. ಅದು ನಿನ್ನೆ ಸಂಜೆ ಹಿಂದಿರುಗಿ ಬಂದ ನಾಯಿ.

ಪಂಪಮ್ಮನಿಗೆ ಐವತ್ತೆಂಟು. ಹೊಲ ಕಾಯುವ, ಕುರಿ ಕಾಯುವ ನಾಯಿ ಬೇಕೆಂದರೆ ಸುತ್ತಲಿನವರು ಇಪ್ಪತ್ತೆರಡು ವರ್ಷದಿಂದ ಈ ಹಿತ್ತಲಿಗೇ ಬರುತ್ತಾರೆ. ಕಾರ್ತಿಕದಲ್ಲಿ ಬೆದೆಗೆ ಬಂದ ನಾಯಿ ಪುಷ್ಯ ಮಾಘದಲ್ಲಿ ಈಯುತ್ತದೆ, ಬೇವು ಹೂ ಬಿಡುವ ಹೊತ್ತಿಗೆ ಮರಿಗಳು ಕೊಡುವ ಹದಕ್ಕೆ ಬಂದಿರುತ್ತವೆ. ದಿನಕ್ಕೆ ಎರಡು ಸೇರು ರಾಗಿ ಹಿಟ್ಟು, ಬಾವಿಯಿಂದ ಎಂಟು ಕೊಡ ನೀರು, ಮೂರು ಹೊತ್ತು ಅಂಬಲಿ. ಇಲ್ಲಿಂದ ಹೋದ ಮರಿಗಳು ಇದುವರೆಗೆ ನೂರ ಮೂವತ್ತಕ್ಕೆ ಮೇಲೆ. ಯುದ್ಧದ ಕಾಲದಲ್ಲಿ ರಾಗಿ ತಲೆಗಿಷ್ಟೆಂದು ಅಳೆದು ಸಿಗುತ್ತಿದ್ದಾಗ ತಮ್ಮ ಪಾಲಿನ ಮುದ್ದೆಯಲ್ಲಿ ಅರ್ಧ ಮುರಿದು ಅಂಬಲಿಗೆ ಕಲಸಿದ್ದರಂತೆ. ಅದನ್ನು ಅವರು ಹೇಳುವುದಿಲ್ಲ, ಸೊಸೆ ಶಿವಲಕ್ಷ್ಮಮ್ಮ ಹೇಳುತ್ತಾರೆ.

“ಕತ್ತಿನ ತೊಗಲು ಹಿಡಿದು ಎತ್ತಿದ್ರೆ ಕುಂಯ್ ಅನ್ಬಾರ್ದು. ಅಂದ್ರೆ ಅದು ಮನೆ ಬಾಗ್ಲಿಗೆ ಸರಿ, ಅಡವಿಗೆ ಆಗಾಕಿಲ್ಲ,” ಎನ್ನುತ್ತ ಪಂಪಮ್ಮ ಒಂದು ಮರಿಯನ್ನು ಎತ್ತಿ ನಮಗೆ ತೋರಿಸುತ್ತಾರೆ. ಮರಿ ಸುಮ್ಮನೆ ನೇತಾಡುತ್ತದೆ. “ನೋಡಪ್ಪ, ಎಂಥಾ ಮರಿ. ಈಗ ಕೇಳೋರೇ ಇಲ್ಲ.”

ಕೇಳುವವರು ಇಲ್ಲದಿರುವುದಕ್ಕೆ ಕಾರಣ ಹುಣಸೆಮರಕ್ಕೆ ಕಟ್ಟಿರುವ ಬೂದ, ಕೆಂಚಿಯದೇ ಹಿಂದಿನ ಸೂಲಿನ ಮರಿ. ಈ ಮನೆಯಲ್ಲಿ ನಾಯಿಯನ್ನು ಮಾರುವುದಿಲ್ಲ. ಕೊಂಡೊಯ್ಯುವವರು ಎರಡು ಸೇರು ಉಪ್ಪು ತಂದು ಮೊರಕ್ಕೆ ಸುರಿಯಬೇಕು, ಅದು ಪಂಪಮ್ಮನ ಅತ್ತೆಯ ಕಾಲದಿಂದ ಬಂದ ಪದ್ಧತಿ. ನಾಯಿ ಉಪ್ಪಿನ ಋಣ ತೀರಿಸದೆ ಹೋದರೆ ಉಪ್ಪನ್ನು ವಾಪಸು ಅಳೆದು ಕೊಡಬೇಕು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅಳೆದು ಕೊಟ್ಟಿಲ್ಲ. ಹೋದ ಯುಗಾದಿಗೆ ಬೂದನನ್ನು ಒಯ್ದವರು ಕಲ್ಯಾಣದುರ್ಗದ ಕಡೆಯ ಕುರಿಗಾರ ಈರಲಿಂಗಪ್ಪ. ಈಗ ಮೂರು ದಿನ ನಡೆದು ಬಂದು ನಾಯಿಯನ್ನು ಹಿಂದಕ್ಕೆ ಬಿಟ್ಟಿದ್ದಾರೆ. ದಾರಿಯಲ್ಲೇ ಎಲ್ಲಾದರೂ ಬಿಟ್ಟು ಕೈತೊಳೆದುಕೊಳ್ಳಬಹುದಿತ್ತು, ಅವರಿಗೆ ಮನಸ್ಸು ಬರಲಿಲ್ಲ.

“ತೋಳ ಬಂತಮ್ಮಾ. ಕುರಿ ರೊಪ್ಪದ ಬೇಲಿ ಒಂದ್ಕಡೆ ಬಿದ್ದಿತ್ತು. ಇದು ಆ ಸಂದೀಲೇ ನಿಂತಿತ್ತು, ಮಂಚಿಗಾ, ಚೆನ್ನಾಗೇ ನಿಂತಿತ್ತು,” ಎಂದು ಜಗಲಿಯ ಮೇಲೆ ಕೂತ ಈರಲಿಂಗಪ್ಪ ಮತ್ತೆ ಹೇಳುತ್ತಾರೆ. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ. “ಅಲ್ಲೇ ಇರು ಅಂತ ಕೂಗ್ದೆ. ಸಂದಿ ಬಿಟ್ಟು ನನ್ ಕಾಲ ಹತ್ರ ಓಡಿಬಂದ್ಬುಟ್ತು. ನಾಲಿಗೆ ಹೊರಗೆ ಹಾಕ್ಕೊಂಡು ನನ್ನ ಮುಖ ನೋಡ್ತೈತೆ. ಎರಡು ಕುರಿಮರಿ ಹೋಯ್ತು.”

ಅವರು ನಡೆದು ಬಂದ ದಾರಿಯ ಊರೂರಲ್ಲೂ ಈ ಕಥೆ ಹರಡಿದೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುವ ಜನ ನಾಯಿಗೇನು ರಿಯಾಯಿತಿ ಕೊಡುತ್ತಾರೆಯೆ? ಕೆಂಚಿಯ ಹೊಟ್ಟೆಯವೇ ಹೇಡಿಗಳು ಎಂದು, ಮರಿ ಬೇಕೆಂದಿದ್ದ ಇಬ್ಬರು ನಿನ್ನೆಯೇ ಹೇಳಿಕಳಿಸಿದ್ದಾರೆ. ಇವತ್ತು ಮೊರದಲ್ಲಿ ಉಪ್ಪು ಅಳೆದು ಕೊಟ್ಟರೆ ಆ ಮಾತನ್ನು ಪಂಪಮ್ಮ ತಾವೇ ಒಪ್ಪಿದ ಹಾಗೆ. ಆಮೇಲೆ ಈ ಹಿತ್ತಲಿಗೆ ಯಾರೂ ಬರುವುದಿಲ್ಲ.

“ಅತ್ತೆ, ಈ ನಾಯಿ ಸಾವಾಸ ಇಲ್ಲಿಗೆ ಸಾಕು ಮಾಡಿ,” ಎನ್ನುತ್ತ ಶಿವಲಕ್ಷ್ಮಮ್ಮ ಉಪ್ಪಿನ ಮೊರ ತಂದಿಡುತ್ತಾರೆ.

“ನಂಗೂ ಸಾಕಾಗೈತೆ ಕಣಮ್ಮ,” ಎನ್ನುತ್ತಾರೆ ಪಂಪಮ್ಮ. ಆ ದನಿಯಲ್ಲಿ ಸಿಟ್ಟಿಲ್ಲ. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ ಎಂಬುದು ಕಣ್ಣಿನಲ್ಲೇ ತಿಳಿಯುತ್ತದೆ.

ಈರಲಿಂಗಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಏಳುತ್ತಾರೆ. ಹೋಗುವ ಮುಂಚೆ ಬೂದನ ಹತ್ತಿರ ಹೋಗಿ ತಲೆ ಸವರಿ, ಹಗ್ಗ ಬಿಚ್ಚುತ್ತಾರೆ. ಅವರು ನಾಲ್ಕು ಹೆಜ್ಜೆ ನಡೆದರೆ ನಾಯಿಯೂ ನಾಲ್ಕು ಹೆಜ್ಜೆ ಹಿಂಬಾಲಿಸುತ್ತದೆ. ಅವರು ತಿರುಗಿ, ನೆಲಕ್ಕೆ ಬೆರಳು ತೋರಿಸಿ ಹೇಳುತ್ತಾರೆ: “ಇಕ್ಕಡೇ ಉಂಡ್ರಾ. ಉಂಡ್ರಾ.”

ಬೂದ ಒಂದೇ ನೆಗೆತಕ್ಕೆ ಅವರ ಕಾಲ ಬಳಿ ಬಂದು ನಿಲ್ಲುತ್ತದೆ. ಅದರ ಹಿಂದೆಯೇ ಬಾನಿಯ ಹತ್ತಿರವಿದ್ದ ಆರೂ ಮರಿಗಳು ಓಡಿಬಂದು ಈರಲಿಂಗಪ್ಪನನ್ನು ಸುತ್ತುವರಿಯುತ್ತವೆ. ಏಳೂ ನಾಲಿಗೆ ಚಾಚಿ ಅವರ ಕೈಯನ್ನೇ ನೋಡುತ್ತಿವೆ.

ಪಂಪಮ್ಮ ಮಡಕೆಯನ್ನು ಕೆಳಗಿಡುತ್ತಾರೆ.

“ಈರಲಿಂಗಪ್ಪ, ತೋಳ ಬಂದಾಗ ಏನಂತ ಕೂಗ್ದೆ? ಇದ್ದಂಗೇ ಹೇಳು.”

“ಉಂಡ್ರಾ ಅಂದೆ. ಇನ್ನೇನಂತಾರಮ್ಮಾ? ಇರು ಅಂತ. ಅಲ್ಲೀತನ್ಕ ಹೇಳ್ದೇನೇ ನಿಲ್ತಿತ್ತು.”

ಪಂಪಮ್ಮ ಅಲ್ಲೇ ಬಾನಿಯ ಅಂಚಿನ ಮೇಲೆ ಕೂತುಬಿಡುತ್ತಾರೆ. ತೆಲುಗಿನವರ ಬಾಯಲ್ಲಿ ‘ಉಂಡ್ರಾ’ ಎಂದರೆ ಅಲ್ಲೇ ಇರು ಎಂದು. ಪಂಪಮ್ಮನ ಬಾಯಲ್ಲಿ ಊಟ ಆಯಿತೇ ಎಂದು. ಕಣ್ಣು ಬಿಟ್ಟಾಗಿನಿಂದ ಮೂರು ಹೊತ್ತೂ ಆ ಮಾತು ಕೇಳಿಯೇ ಬಾನಿಗೆ ಓಡಿದ ನಾಯಿ, ಯಜಮಾನ ಕರೆದನೆಂದು ತೋಳವನ್ನು ಬಿಟ್ಟು ಬಂದಿದೆ. ಇದುವರೆಗೆ ಮರಿ ಒಯ್ದವರೆಲ್ಲ ಕನ್ನಡದಲ್ಲೇ ನಾಯಿಯನ್ನು ಗದರುವ ಹತ್ತಿರದ ಊರಿನವರು. ಅಷ್ಟು ದೂರ ಹೋದದ್ದು ಬೂದ ಒಂದೇ.

“ನಾಯಿಗೆ ಯಾರಾನಾ ‘ಉಂಡ್ರಾ’ ಅಂತ ಮರ್ಯಾದೆ ಕೊಡ್ತಾರಾ ಅಂತ ನಮ್ಮತ್ತೆ ನಗೋರು,” ಎನ್ನುತ್ತಾರೆ ಪಂಪಮ್ಮ. “ಎರಡು ಮಾತೂ ನಂಗೆ ಬತ್ತದೆ. ನಾಯಿಗೆ ಒಂದೇ ಗೊತ್ತು ಅನ್ನೋದು ನಂಗೆ ಹೊಳೀನೇ ಇಲ್ಲ. ತಪ್ಪು ನಂದು ಕಣಪ್ಪ. ನಿನ್ನ ಎರಡು ಕುರಿಮರಿ ನಾನೇ ತಿಂದಂಗಾಯ್ತು.”

ಆಮೇಲೆ ಎದ್ದು, ಬೂದನನ್ನು ದೂರ ಓಡಿಸಿ, “ನಿಲ್ಲು!” ಎನ್ನುತ್ತಾರೆ. ಬೂದ ನೆಟ್ಟ ಕಂಬದ ಹಾಗೆ ನಿಲ್ಲುತ್ತದೆ. ಈರಲಿಂಗಪ್ಪನೂ ಹೇಳಿ ನೋಡುತ್ತಾರೆ, ಆಗಲೂ ನಿಲ್ಲುತ್ತದೆ. ಮೂರನೆಯ ಸಲಕ್ಕೆ ಆ ಕುರಿಗಾರನ ಕಣ್ಣು ಒದ್ದೆಯಾಗಿದೆ. ಶಿವಲಕ್ಷ್ಮಮ್ಮ ಉಪ್ಪಿನ ಮೊರ ಮುಂದೆ ಚಾಚಿದರೆ, ಅವರು ಉಪ್ಪು ನಿಮ್ಮಲ್ಲೇ ಇರಲಿ ಎಂದು ಕೈಯಾಡಿಸಿ ಬೂದನ ಹಗ್ಗ ಹಿಡಿಯುತ್ತಾರೆ.

ಪಂಪಮ್ಮ ಅವರನ್ನು ಕೇಳಿಕೊಳ್ಳುವುದು ಒಂದೇ: “ಬರೋವಾಗ ಊರೂರಲ್ಲಿ ಇದ್ನ ಹೇಡಿ ಅಂದ್ಕೊಂಡು ಬಂದಿದ್ದೀಯ. ಹೋಗೋವಾಗ ಅದೇ ಊರುಗಳಾಗೆ ಅಲ್ಲ ಅಂದ್ಕೊಂಡು ಹೋಗು. ಇನ್ನೇನೂ ಬ್ಯಾಡ.”

ಕಂಬಳಿ, ನಾಯಿ ಎರಡೂ ದಾರಿಯ ತಿರುವಿನಲ್ಲಿ ಮರೆಯಾಗುತ್ತವೆ. ಬಿಸಿಲು ಏರಿದೆ. ಮರಿಗಳಿಗೆ ಇನ್ನು ಮೇಲೆ ಮಾತಿಲ್ಲದೆ ಬಾನಿ ತಟ್ಟಿ ಕರೆಯಬೇಕು, ಈ ವಯಸ್ಸಿನಲ್ಲಿ ನಾಲಿಗೆ ಕಟ್ಟುವುದು ಕಷ್ಟ ಎನ್ನುತ್ತ ಪಂಪಮ್ಮ ಗೋಡೆಗೆ ಒರಗುತ್ತಾರೆ. ಶಿವಲಕ್ಷ್ಮಮ್ಮ ಉಪ್ಪನ್ನು ಮತ್ತೆ ಗಡಿಗೆಗೆ ಸುರಿದು ಬಂದು, ಸ್ವಲ್ಪ ಹೊತ್ತು ನಿಂತು ನೋಡಿ, ಮೆಲ್ಲಗೆ ಕೇಳುತ್ತಾರೆ:

“ಅತ್ತೆ, ನೀವು ಉಂಡ್ರಾ?”

ಆರೂ ಮರಿಗಳು ಬಿದ್ದೆನೋ ಎದ್ದೆನೋ ಎಂದು ಓಡಿಬರುತ್ತವೆ. ನಿನ್ನೆಯಿಂದ ಏನೂ ಉಣ್ಣದ ಪಂಪಮ್ಮ ಮೊದಲ ಸಲ ನಗುತ್ತಾರೆ.

“ಇಪ್ಪತ್ತೆರಡು ವರ್ಷದಾಗೆ ಒಂದೇ ಒಂದು ನಾಯಿ ವಾಪಸ್ ಬಂದಿದ್ದು,” ಎನ್ನುತ್ತಾರೆ. “ಅದೂ ಹೆದರಿ ಬಂದಿದ್ದಲ್ಲ ಕಣಮ್ಮ. ಊಟಕ್ಕೆ ಕರೆದ್ರು ಅಂತ ಬಂದಿದ್ದು.”