ಸ್ಲೈಡಿನೊಳಗೊಂದು ಮಲ್ಲಿಗೆ

ಕೆಲಸದಲ್ಲಿದ್ದಷ್ಟು ಕಾಲವೂ ನಾನು ತಿನ್ನಲು, ಕುಡಿಯಲು ಅಥವಾ ಮಾರಲು ಬರುವಂಥ ಒಂದೇ ಒಂದು ವಸ್ತುವನ್ನೂ ಕಂಡುಹಿಡಿಯಲಿಲ್ಲ. ಬೇಸರದಿಂದ ಹೇಳುತ್ತಿರುವ ಮಾತಲ್ಲ ಇದು. ನಿವೃತ್ತನಾಗಿ ಕೊಟ್ಟೂರಿಗೆ ಬಂದು ಮನೆ ಮಾಡಿದ ಮೇಲೆ ಸುತ್ತಲಿನವರು ಮೇಲಿಂದ ಮೇಲೆ ನೆನಪಿಸಿದ್ದರಿಂದ ಗೊತ್ತಾದ ಸಂಗತಿ. ನಮ್ಮ ಕಡೆ ಭೂವಿಜ್ಞಾನಿ ಎಂದರೆ ಬೋರಿಗೆ ಪಾಯಿಂಟ್ ತೋರಿಸುವವ. ಕೂಡ್ಲಿಗಿಯಿಂದಲೋ ಚಿಗಟೇರಿಯಿಂದಲೋ ಬೈಕಿನಲ್ಲಿ ಬಂದವರು ಚಹಾ ಕುಡಿದು, "ಸಾರ್, ಒಂದೀಟು ಹೊಲಕ್ಕ ಬಂದು ನೋಡ್ರಿ" ಅನ್ನುತ್ತಾರೆ. ನೀರಿನ ವಿದ್ಯೆ ನನಗೆ ಬಾರದು, ನಾನು ಓದಿದ್ದು ಹಳೆಯ ಕಾಲದ ಹೂಗಳ ಪರಾಗ ಎಂದರೆ ಮುಖ ಮುಖ ನೋಡುತ್ತಾರೆ. ಹರಪನಹಳ್ಳಿ ಕಡೆಯ ಅರಸೀಕೆರೆಯ ಒಬ್ಬರಂತೂ ಏಳುವಾಗ ನನಗೇ ಸಮಾಧಾನ ಹೇಳಿದರು: "ಇರ್ಲಿ ಬಿಡ್ರಿ ಸಾರ್, ಎಲ್ಲಾರಿಗೂ ಎಲ್ಲಾ ಬರಂಗಿಲ್ಲ." ಆಮೇಲೆ ಅವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವನ ಹತ್ತಿರ ಹೋದರು. ನೀರೂ ಬಿತ್ತಂತೆ.

ಪರಾಗವೆಂದರೆ ಮತ್ತೇನಲ್ಲ, ಹೂವಿನೊಳಗೆ ಕೈ ಇಟ್ಟರೆ ಬೆರಳಿಗೆ ಅಂಟುವ ಹಳದಿ ಪುಡಿ. ಅದರ ಒಂದೊಂದು ಕಣಕ್ಕೂ ಗಟ್ಟಿ ಸಿಪ್ಪೆ ಇರುತ್ತದೆ. ಗಿಡ ಒಣಗಿ ಹೋಗುತ್ತದೆ, ಗಿಡ ನೆಟ್ಟವರೂ ಹೋಗುತ್ತಾರೆ. ಆದರೆ ಕೆರೆಯ ಕೆಸರಿನಲ್ಲಿ ಹೂತುಹೋದ ಆ ಸಿಪ್ಪೆ ಮಾತ್ರ ಕೊಳೆಯದೆ ಕೂತಿರುತ್ತದೆ. ಒಂದೊಂದು ಜಾತಿಯ ಗಿಡಕ್ಕೂ ಒಂದೊಂದು ರೂಪ. ಕೆಸರನ್ನು ಆಮ್ಲದಲ್ಲಿ ತೊಳೆದು ಗಾಜಿನ ಸ್ಲೈಡಿನ ಮೇಲಿಟ್ಟು ನೋಡಿದರೆ ಒಂದು ಕಾಲದಲ್ಲಿ ಅಲ್ಲಿ ಏನು ಬೆಳೆಯುತ್ತಿತ್ತು ಎಂದು ಹೇಳಬಹುದು. ಹೇಳಿದೆ, ಸಂಬಳ ತೆಗೆದುಕೊಂಡೆ, ಅಷ್ಟೆ.

ಈ ಕೆಲಸದಲ್ಲಿ ಪಾಂಡಿತ್ಯಕ್ಕಿಂತ ಮಡಿ ಮುಖ್ಯ. ಇವತ್ತಿನ ಹೂವಿನ ಪುಡಿ ಅಂದಿನ ಕೆಸರಿನಲ್ಲಿ ಬೆರೆತರೆ ಎಲ್ಲವೂ ಕೆಟ್ಟಿತು. ಆದ್ದರಿಂದ ನಮ್ಮ ಪ್ರಯೋಗಾಲಯದಲ್ಲಿ ಹೂ ಮುಡಿದವರಿಗೆ ಪ್ರವೇಶವಿರಲಿಲ್ಲ. ಇಂಥ ನಿಯಮದ ಆಳಾದ ನಾನು ಮದುವೆಯಾದದ್ದು ಹೂವಿನ ಹಡಗಲಿಯ ಪಕ್ಕದ ಊರಿನ, ಮಲ್ಲಿಗೆ ತೋಟದವರ ಮಗಳನ್ನು. ಶಾಂತಾ ಮಲ್ಲಿಗೆ ಮುಡಿಯದ ದಿನವನ್ನು ನಾನು ಕಂಡಿಲ್ಲ. ನಿವೃತ್ತಿಯ ನಂತರ ಸೂಕ್ಷ್ಮದರ್ಶಕವನ್ನು ಕೊಂಡು ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡಾಗ ಮಡಿಯೂ ಅದರ ಜೊತೆಗೇ ಬಂತು. ಅವಳು ಚಹಾ ತಂದರೆ ಹೊಸ್ತಿಲಾಚೆ ನಿಂತು ಲೋಟ ಚಾಚುತ್ತಾಳೆ. ನಾನು ಎದ್ದು ಹೋಗಿ ಇಸಿದುಕೊಳ್ಳುತ್ತೇನೆ. ನೋಡಿದವರು ಏನೆಂದುಕೊಳ್ಳುತ್ತಾರೋ ಎಂದು ಇಬ್ಬರೂ ಯೋಚಿಸುವುದನ್ನು ಬಿಟ್ಟು ಬಹಳ ದಿನವಾಯಿತು.

ಹೀಗಿರುವಾಗ ಶಾಂತಾಳ ತಮ್ಮ ಕೊಟ್ರೇಶ ಒಂದು ವ್ಯಾಜ್ಯ ಹೊತ್ತು ತಂದ. ಅವನ ಊರಿನವರಿಗೂ ಪಕ್ಕದೂರಿನವರಿಗೂ, ವಿಜಯನಗರದ ಕಾಲದಲ್ಲಿ ಮಲ್ಲಿಗೆ ಮೊದಲು ಯಾರ ಊರಿನಲ್ಲಿತ್ತು ಎಂಬ ಜಗಳ. ಗೆದ್ದ ಊರಿನ ತಿರುವಿನಲ್ಲಿ 'ಮಲ್ಲಿಗೆಯ ತವರು' ಎಂದು ಕಮಾನು ಕಟ್ಟುವುದೆಂದು ಮಾತಾಗಿತ್ತು. ಕೊಟ್ರೇಶ ಎರಡೂ ಊರಿನ ಹಿರಿಯರ ಮುಂದೆ ಎದೆ ತಟ್ಟಿ ಹೇಳಿಬಿಟ್ಟಿದ್ದ: "ನಮ್ಮ ಮಾಮ ಅದಾರ. ನಮ್ಮ ಕೆರಿ ಕೆಸರ ಸಾಕ್ಷಿ ಹೇಳ್ತೈತಿ. ಸುಳ್ಳಾದ್ರ ಮತ್ತ ನಾನು ಈ ಕಟ್ಟಿ ಹತ್ತಂಗಿಲ್ಲ." ಊರ ಬಾಗಿಲಿನ ಆ ಅಗಸೆಕಟ್ಟೆಯ ಮೇಲೆ ಸಂಜೆ ಕೂರದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಮಾವನ ಮನೆಯಲ್ಲಿ ನನ್ನ ವಿದ್ಯೆಗೆ ಗಿರಾಕಿ ಸಿಕ್ಕಿದ್ದು ಅದೇ ಮೊದಲು.

ಕೆಸರನ್ನು ಅವನೇ ತಂದ, ಮಲ್ಲಿಗೆ ಮೊಗ್ಗು ಸಾಗಿಸುವ ಬುಟ್ಟಿಯಲ್ಲಿ! "ಸ್ವಚ್ಛ ಬುಟ್ಟಿ ಐತಿ ಮಾಮ, ದಿನಾ ಹೂವ ತುಂಬೋದು" ಎಂದ. ಬುಟ್ಟಿ ಸಮೇತ ವಾಪಸು ಕಳಿಸಿ, ಕೆರೆಯಲ್ಲಿ ಹೂಳೆತ್ತಲು ತೋಡಿದ್ದ ಗುಂಡಿಗೆ ನಾನೇ ಇಳಿದು, ಅಡಿಯ ಪದರದಿಂದ ಮಣ್ಣು ತೆಗೆದೆ. ಹಳೆಯ ಶಿಷ್ಯನೊಬ್ಬ ತನ್ನ ಪ್ರಯೋಗಾಲಯದಲ್ಲಿ ಅದನ್ನು ತೊಳೆದು ಪುಟ್ಟ ಸೀಸೆಗಳಲ್ಲಿ ಕಳಿಸಿಕೊಟ್ಟ. ಸ್ಲೈಡು ಮಾಡಿಕೊಂಡು ನೋಡುತ್ತ ಕೂತೆ. ಹುಲ್ಲು, ಜಾಲಿ, ಸಜ್ಜೆಯೋ ನವಣೆಯೋ ಇರಬಹುದಾದ ಯಾವುದೋ ಧಾನ್ಯ. ಮಲ್ಲಿಗೆ ಇಲ್ಲ. ಇನ್ನೊಂದು ಸ್ಲೈಡು, ಅದರಲ್ಲೂ ಇಲ್ಲ. ಮಧ್ಯಾಹ್ನದ ಊಟದ ಭಾರಕ್ಕೆ ಕಣ್ಣು ಎಳೆಯುತ್ತಿತ್ತು.

ಎಚ್ಚರವಾದ ಮೇಲೆ ಅರ್ಧಕ್ಕೇ ಬಿಟ್ಟಿದ್ದ ಸ್ಲೈಡಿಗೆ ಗಾಜು ಮುಚ್ಚಿ ನೋಡಿದರೆ, ಒಂದು ಮಲ್ಲಿಗೆ! ದುಂಡಗೆ, ಮೈ ತುಂಬ ಬಲೆ ಹೆಣೆದಂಥ ಗೆರೆಗಳು. ಈ ವಯಸ್ಸಿನಲ್ಲಿಯೂ ಕುರ್ಚಿಯಿಂದ ಎದ್ದು ನಿಂತೆ. ಕಮಾನು ಕಣ್ಣ ಮುಂದೆ ಬಂತು, ಅದರ ಕೆಳಗೆ ಕೊಟ್ರೇಶನ ಮೀಸೆಯೂ ಬಂತು. ಕೂತು ಮತ್ತೆ ನೋಡಿದಾಗ ಮನಸ್ಸು ಇಳಿಯಿತು. ಹಳೆಯ ಕಣವೆಂದರೆ ಬರೀ ಸಿಪ್ಪೆ, ಒಳಗೆಲ್ಲ ಖಾಲಿ. ಇದರ ಹೊಟ್ಟೆಯೊಳಗೆ ಜೀವರಸ ಹಾಗೇ ತುಂಬಿಕೊಂಡಿತ್ತು. ವಿಜಯನಗರದ ಕಾಲದ ಮಲ್ಲಿಗೆಯಲ್ಲ, ಇವತ್ತಿನದು.

ಇದನ್ನು ಗುರುತಿಸಬಲ್ಲವರು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲಿ ಹುಡುಕಿದರೂ ನಾನೊಬ್ಬನೇ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಕಮಾನು ಏಳುತ್ತಿತ್ತು. ಆ ಯೋಚನೆ ಬರಲಿಲ್ಲ ಎನ್ನಲಾರೆ, ಬಂದು ಸ್ವಲ್ಪ ಹೊತ್ತು ಕೂತೂ ಹೋಯಿತು. ಹೊರಗೆ ಬಂದು ಶಾಂತಾಳನ್ನು, ಕೋಣೆಯೊಳಗೆ ಬಂದಿದ್ದೆಯಾ ಎಂದು ಕೇಳಿದೆ.

"ಹೂಂ, ಬಂದಿದ್ದೆ. ಟೇಬಲ್ ಮ್ಯಾಲ ತಲಿ ಇಟ್ಟು ಮಲಗಿದ್ರಿ. ಚಷ್ಮಾ ಮೂಗಿಗೆ ಒತ್ತಾಕತ್ತಿತ್ತು, ಬಗ್ಗಿ ತಗದಿಟ್ಟೆ. ಯಾಕ್ರಿ, ಏನರ ಕೆಡ್ತೇನು?"

ಅವಳ ಮುಡಿಯಲ್ಲಿ ಅರಳಿದ್ದ ಮಲ್ಲಿಗೆಯನ್ನು ನೋಡುತ್ತ, ಏನೂ ಕೆಟ್ಟಿಲ್ಲ ಎಂದೆ.

ಕಟ್ಟೆಯ ಮೇಲೆ ಎರಡೂ ಊರಿನ ಹಿರಿಯರು ಸೇರಿದ್ದರು. ಕೆಸರಿನಲ್ಲಿ ಮಲ್ಲಿಗೆ ಸಿಗಲಿಲ್ಲ ಎಂದು ಹೇಳಿದೆ. ಕೊಟ್ರೇಶ ಎದ್ದು ಚಪ್ಪಲಿ ಮೆಟ್ಟಿಕೊಳ್ಳತೊಡಗಿದ. ನೋಡಲಾಗಲಿಲ್ಲ. ಸಿಗದಿದ್ದ ಮಾತ್ರಕ್ಕೆ ಇರಲೇ ಇಲ್ಲ ಎನ್ನುವಂತಿಲ್ಲ, ಮಲ್ಲಿಗೆಯ ಪರಾಗ ಗಾಳಿಗೆ ಹಾರುವಂಥದ್ದಲ್ಲ, ಮೇಲಾಗಿ ನೀವು ಮೊಗ್ಗಿರುವಾಗಲೇ ಬಿಡಿಸುತ್ತೀರಿ, ಗಿಡದ ಮೇಲೆ ಅರಳಿದರೆ ತಾನೇ ಉದುರುವುದು ಎಂದೂ ಹೇಳಿದೆ. ಇದೂ ನಿಜವೇ. ಕೊಟ್ರೇಶ ಒಂದು ಚಪ್ಪಲಿಯಲ್ಲಿ ನಿಂತವನು ತಿರುಗಿದ.

"ಕೇಳಿದ್ರೇನ್ರಿ? ನಮ್ಮ ಹಿರೇರು ಒಂದು ಮೊಗ್ಗೂ ಗಿಡದಾಗ ಅರಳಾಕ ಬಿಟ್ಟಿಲ್ಲ! ಹಂಗ ಬಿಡಿಸ್ಯಾರ!"

"ಹಂಗಾರ ನಮ್ಮ ಕೆರ್ಯಾಗೂ ಏನೂ ಸಿಗಂಗಿಲ್ಲ ತಗೊ" ಎಂದರು ಪಕ್ಕದೂರಿನ ಹಿರಿಯರು, ಗತ್ತಿನಿಂದ. ಕಮಾನು ಏಳಲಿಲ್ಲ. ಜಗಳ ಸುಖವಾಗಿ ಮುಂದುವರಿದಿದೆ. ಕೊಟ್ರೇಶ ಕಟ್ಟೆಯ ಮೇಲೇ ಇದ್ದಾನೆ.

ಕೆಟ್ಟ ಸ್ಲೈಡನ್ನು ಕಸದ ಬುಟ್ಟಿಗೆ ಎಸೆಯಬೇಕೆಂಬುದು ನಮ್ಮ ನಿಯಮ. ನನ್ನ ಕೈಯಿಂದ ಅದಾಗಲಿಲ್ಲ. ಆಯುಷ್ಯವಿಡೀ ನೋಡಿದ ಪರಾಗವೆಲ್ಲ ಗಾಳಿ ತಂದದ್ದೋ ನೀರು ತಂದದ್ದೋ, ಊಹೆಯ ಮೇಲೆ ಹೇಳುತ್ತ ಬಂದವನು ನಾನು. ಯಾರು ತಂದರು, ಯಾಕೆ ತಂದರು ಎಂದು ಖಚಿತವಾಗಿ ಗೊತ್ತಿರುವುದು ಇದೊಂದೇ.

ಮರುದಿನ ಶಾಂತಾ ಎಂದಿನಂತೆ ಹೊಸ್ತಿಲಾಚೆಯಿಂದ ಲೋಟ ಚಾಚಿದಳು. ಮುಡಿಯಲ್ಲಿ ಅವಳ ತಮ್ಮ ಕಳಿಸಿದ ಹೂ. ನಾನು ಏಳಲಿಲ್ಲ, ಒಳಗೆ ಬಾ ಎಂದೆ. ಅವಳು ಒಮ್ಮೆ ನನ್ನನ್ನು, ಒಮ್ಮೆ ಹೊಸ್ತಿಲನ್ನು ನೋಡಿ ಬಂದಳು. ಬಗ್ಗಿ, ಒಂದು ಕಣ್ಣು ಮುಚ್ಚಿ, ಸೂಕ್ಷ್ಮದರ್ಶಕದಲ್ಲಿಟ್ಟಿದ್ದ ಆ ಸ್ಲೈಡನ್ನು ಬಹಳ ಹೊತ್ತು ನೋಡಿದಳು.

"ಇಷ್ಟ ಏನ್ರಿ? ಇದ್ರ ಸಲುವಾಗಿ ಏನು ನಾನು ಇಷ್ಟು ದಿನ ಬಾಗಲದಾಗ ನಿಂತದ್ದು?"

ನಾನು ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟೆ.